ಹಸಿ ಮರಕ್ಕೆ ಅವಸರದ ಹದ

ಅಮೆರಿಕದ ನೆವಾಡ ರಾಜ್ಯದ ಒಣ ಬೆಟ್ಟಗಳಲ್ಲಿ ಕೆಲವು ಹಳೆಯ ಜುನಿಪರ್ ಮರಗಳಿವೆ. ಅವುಗಳ ಬೊಡ್ಡೆಯ ಮೇಲೆ ನೆಟ್ಟಗೆ ಇಳಿದ, ಕೆಲವೇ ಬೆರಳಗಲದ ಉದ್ದನೆಯ ಗಾಯದ ಗುರುತುಗಳು ಕಾಣುತ್ತವೆ. ಸಿಡಿಲು ಬಡಿದದ್ದಲ್ಲ, ಪ್ರಾಣಿ ಕೆರೆದದ್ದೂ ಅಲ್ಲ. ಗಾಯದ ತುದಿಯಲ್ಲಿ ಅಡ್ಡಕ್ಕೆ ಕಡಿದ ಕಚ್ಚು ಇದೆ. ಪುರಾತತ್ವಜ್ಞ ಫಿಲಿಪ್ ವಿಲ್ಕಿ 1988ರಲ್ಲಿ ಈ ಮರಗಳ ಬಗ್ಗೆ ವಿವರವಾಗಿ ಬರೆದರು. ಅಲ್ಲಿನ ಮೂಲನಿವಾಸಿಗಳು ಬಿಲ್ಲಿಗೆ ಬೇಕಾದ ಕೋಲನ್ನು ನಿಂತ ಮರದಿಂದಲೇ ತೆಗೆಯುತ್ತಿದ್ದರು. ಎಳೆ ನೇರವಾಗಿರುವ ಜಾಗ ಹುಡುಕಿ, ಆ ಪಟ್ಟಿಗೆ ಮರದ ರಸ ಹರಿಯದಂತೆ ಕಚ್ಚು ಹಾಕಿ, ಹಾಗೇ ಬಿಟ್ಟು ಹೋಗುತ್ತಿದ್ದರು. ಮರ ಬದುಕಿರುತ್ತಿತ್ತು, ಆ ಒಂದು ಪಟ್ಟಿ ಮಾತ್ರ ಅದರ ಮೈಮೇಲೇ ನಿಧಾನವಾಗಿ ಒಣಗುತ್ತಿತ್ತು. ಹದಕ್ಕೆ ಬಂದಾಗ ಬಂದು ಸೀಳಿ ಎಬ್ಬಿಸಿಕೊಳ್ಳುವುದು. ಒಂದೇ ಮರ ಹಲವು ಸಲ ಕೋಲು ಕೊಟ್ಟದ್ದೂ ಉಂಟು.

ಉಗ್ರಾಣವೂ ಅದೇ, ಒಣಗಿಸುವ ಕೋಣೆಯೂ ಅದೇ. ಖರ್ಚು ಇಲ್ಲ, ಕಳ್ಳರ ಕಾಟ ಇಲ್ಲ. ಬೇಕಾದದ್ದು ಒಂದೇ, ಕಾಯುವ ವ್ಯವಧಾನ.

ಕ್ಯಾಲಿಫೋರ್ನಿಯಾದ ಇಷಿಯ ಕ್ರಮವೂ ಹೆಚ್ಚು ಬೇರೆಯಲ್ಲ. ಯಾಹಿ ಬುಡಕಟ್ಟಿನಲ್ಲಿ ಉಳಿದಿದ್ದ ಕೊನೆಯ ವ್ಯಕ್ತಿ ಎಂದು ಹೆಸರಾದ ಇಷಿ 1911ರಲ್ಲಿ ಓರೊವಿಲ್ ಊರಿನ ಹತ್ತಿರ ಕಾಡಿನಿಂದ ಹೊರಬಂದ. ಸ್ಯಾನ್ ಫ್ರಾನ್ಸಿಸ್ಕೋದ ವಸ್ತುಸಂಗ್ರಹಾಲಯದಲ್ಲಿ ಇದ್ದಷ್ಟು ವರ್ಷ ಸ್ಯಾಕ್ಸ್‌ಟನ್ ಪೋಪ್ ಎಂಬ ಶಸ್ತ್ರವೈದ್ಯ ಅವನಿಂದ ಬಿಲ್ವಿದ್ಯೆ ಕಲಿತರು, ಕಂಡದ್ದನ್ನೆಲ್ಲ ಬರೆದಿಟ್ಟರು. ಜುನಿಪರ್ ಕೊಂಬೆಯನ್ನು ಸೀಳಿ, ಒರಟಾಗಿ ಆಕಾರ ತೆಗೆದು, ಬಾಗಬೇಕಾದಲ್ಲಿ ಬಿಸಿ ಕಲ್ಲಿನ ಮೇಲೆ ಬಾಗಿಸಿ, ಇನ್ನೊಂದು ಮರದ ತುಂಡಿಗೆ ಬಿಗಿದು ಕಟ್ಟಿ, ಕತ್ತಲಿರುವ ಒಣ ಜಾಗದಲ್ಲಿ ಇಡುವುದು ಇಷಿಯ ಕ್ರಮ. ತಿಂಗಳುಗಟ್ಟಲೆ ಬೇಕಾದರೂ ಸರಿ, ವರ್ಷಗಟ್ಟಲೆ ಬೇಕಾದರೂ ಸರಿ. ಮೊದಲು ಆಕಾರ, ಆಮೇಲೆ ಒಣಗಿಸುವುದು ಎಂಬ ಈ ಸರದಿಯನ್ನು ಓದುಗರು ಗಮನದಲ್ಲಿಟ್ಟುಕೊಳ್ಳಬೇಕು. ಅವಸರದವರ ಗುಟ್ಟೆಲ್ಲ ಅದರಲ್ಲೇ ಇದೆ.

ಅವಸರ ಯಾರಿಗೆ? ದೊಡ್ಡ ದಾಸ್ತಾನು ಇದ್ದವರಿಗೆ ಅದು ಇರಲಿಲ್ಲ. ಇಂಗ್ಲೆಂಡ್ 1472ರಲ್ಲಿ ಒಂದು ಕಾಯ್ದೆ ಮಾಡಿ, ತನ್ನ ಬಂದರಿಗೆ ಬರುವ ಹಡಗುಗಳು ಪ್ರತಿ ಟನ್ ಸರಕಿನ ಲೆಕ್ಕಕ್ಕೆ ನಾಲ್ಕು ಬಿಲ್ಲುಕೋಲು ತರಲೇಬೇಕೆಂದು ವಿಧಿಸಿತ್ತು. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಲಾದ ಮೇರಿ ರೋಸ್ ಎಂಬ ಯುದ್ಧನೌಕೆಯೊಂದರಲ್ಲೇ ನೂರಕ್ಕೂ ಹೆಚ್ಚು ಇಡೀ ಬಿಲ್ಲುಗಳು ಸಿಕ್ಕಿವೆ, ಎಲ್ಲವೂ ಯೂ ಮರದವು. ಅಷ್ಟು ಕೋಲು ರಾಶಿ ಬಿದ್ದಿರುವ ಕಡೆ ಇಂದು ಬಂದದ್ದು ಇಂದೇ ಒಣಗಬೇಕಿಲ್ಲ. ಹಳೆಯದನ್ನು ತೆಗೆದು ಕೆತ್ತಿದರಾಯಿತು. ಕಷ್ಟವೆಲ್ಲ ಇಂದಿನ ಹವ್ಯಾಸಿಯದು. ಗಾಳಿಗೆ ಬಿದ್ದ ಹಿಕರಿ ಮರವೋ, ಬೇಲಿ ಸಾಲಿನಿಂದ ಕಡಿದ ಓಸೇಜ್ ಆರೆಂಜ್ ಮರದ ತುಂಡೋ ಅವನಿಗೆ ಸಿಕ್ಕಿದೆ. ಅಮೆರಿಕದ ಹಿತ್ತಿಲುಗಳಲ್ಲಿ ಬಿಲ್ಲು ಕೆತ್ತುವ ಸಾವಿರಾರು ಜನರಲ್ಲಿ ಅವನೂ ಒಬ್ಬ. ಬೇಸಿಗೆ ಮುಗಿಯುವಷ್ಟರಲ್ಲಿ ಬಾಣ ಬಿಡಬೇಕೆಂಬ ಆಸೆ. ಮರದಂಗಡಿಯವನನ್ನು ಕೇಳಿದರೆ, ಒಂದು ಅಂಗುಲ ದಪ್ಪಕ್ಕೆ ಒಂದು ವರ್ಷ ಎಂಬ ಹಳೆಯ ಲೆಕ್ಕ ಒಪ್ಪಿಸುತ್ತಾನೆ.

ಆ ಲೆಕ್ಕ ಸುಳ್ಳಲ್ಲ. ಆದರೆ ಅದು ಹಲಗೆ ಮಾರುವವರ ಲೆಕ್ಕ. ಬಯಲಿನ ಚಪ್ಪರದಡಿ ಪೇರಿಸಿಟ್ಟ ದಪ್ಪ ಹಲಗೆಗೆ ಹೊಂದುವ ಮಾತನ್ನು, ಕೊನೆಗೆ ಹೆಬ್ಬೆರಳಿನಷ್ಟೂ ದಪ್ಪ ಉಳಿಯದ ಬಿಲ್ಲಿನ ತೋಳಿಗೆ ಹೊಂದಿಸಿಕೊಂಡು ಎಷ್ಟೋ ಜನ ಸುಮ್ಮನೆ ವರ್ಷ ಕಳೆಯುತ್ತಾರೆ. ಸರಿಯಾದ ಸರದಿಯಲ್ಲಿ ಹೋದರೆ ಹಸಿ ಮರ ತಿಂಗಳ ಆಸುಪಾಸಿನಲ್ಲಿ ಬಿಲ್ಲಾಗಬಲ್ಲದು. ಸರದಿ ತಪ್ಪಿದರೆ ಒಂದೇ ಮಧ್ಯಾಹ್ನದಲ್ಲಿ ಸೌದೆಯಾಗುತ್ತದೆ.

ಮರದೊಳಗಿನ ನೀರು ಎರಡು ಕಡೆ ಇರುತ್ತದೆ. ಎಳೆಗಳ ಟೊಳ್ಳಿನಲ್ಲಿ ತುಂಬಿ ನಿಂತದ್ದು ಒಂದು. ಎಳೆಯ ಗೋಡೆಯೊಳಗೇ ಹೀರಿಕೊಂಡು ಕೂತದ್ದು ಇನ್ನೊಂದು. ಟೊಳ್ಳಿನ ನೀರು ಬೇಗ ಹೋಗುತ್ತದೆ, ಅದು ಹೋದರೆ ಮರದ ಅಳತೆಯಾಗಲಿ ಶಕ್ತಿಯಾಗಲಿ ಬದಲಾಗುವುದಿಲ್ಲ. ಒಣ ಮರದ ತೂಕಕ್ಕೆ ನೀರಿನ ತೂಕ ಶೇ 28ರಿಂದ 30ಕ್ಕೆ ಇಳಿದಾಗ ಟೊಳ್ಳು ಬರಿದಾಗಿ, ಗೋಡೆಯ ನೀರು ಹೊರಡತೊಡಗುತ್ತದೆ. ಮರ ಕುಗ್ಗುವುದು, ಬಿರುಕು ಬಿಡುವುದು, ತಿರುಚುವುದು, ಗಟ್ಟಿಯಾಗುವುದು ಎಲ್ಲ ಇಲ್ಲಿಂದ ಮುಂದೆ. ಆ್ಯಶ್ ಮರದ ಹಸಿ ತೇವವೇ ಶೇ 45ರ ಸುಮಾರು. ಅದು ಈ ಗೆರೆಗೆ ಬೇಗ ಬಂದು ಮುಟ್ಟುತ್ತದೆ, ಆದ್ದರಿಂದ ಅವಸರದವರಿಗೆ ಅಚ್ಚುಮೆಚ್ಚು.

ಕುಗ್ಗುವುದಾದರೂ ಎಲ್ಲ ದಿಕ್ಕಿಗೂ ಒಂದೇ ಸಮ ಅಲ್ಲ. ಉದ್ದಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ನಡುವಿನಿಂದ ತೊಗಟೆಯತ್ತ ಒಂದಿಷ್ಟು, ಸುತ್ತಳತೆಯ ದಿಕ್ಕಿಗೆ ಅದರ ಒಂದೂವರೆಯಿಂದ ಎರಡು ಪಟ್ಟು. ಹಿಕರಿಯಂಥ ಮರ ಸುತ್ತಳತೆಯಲ್ಲಿ ನೂರಕ್ಕೆ ಹತ್ತರಷ್ಟು ಕುಗ್ಗುತ್ತದೆ. ಇಡೀ ದಿಮ್ಮಿ ಒಣಗಲು ಬಿಟ್ಟರೆ ಎಲ್ಲಾದರೂ ಒಂದು ಕಡೆ ಸೀಳಲೇಬೇಕು. ಅದಕ್ಕೇ ಮರ ಉರುಳಿದ ದಿನವೇ ಬೆಣೆ ಹೊಡೆದು ಅರ್ಧಕ್ಕೆ, ಕಾಲಿಗೆ ಸೀಳಿಟ್ಟುಕೊಳ್ಳುವುದು. ಎಲ್ಲಿ ಸೀಳಬೇಕೆಂಬ ತೀರ್ಮಾನ ಮರದ್ದಾಗುವ ಬದಲು ನಮ್ಮದಾಗುತ್ತದೆ.

ಸೀಳಿದ ತಕ್ಷಣದ ಶತ್ರು ಎರಡು ತುದಿಗಳು. ಎಳೆಯುದ್ದಕ್ಕೆ ನೀರು ಹರಿಯುವ ವೇಗ ಅಡ್ಡಕ್ಕೆ ಹರಿಯುವುದಕ್ಕಿಂತ ಹತ್ತು ಹದಿನೈದು ಪಟ್ಟು ಹೆಚ್ಚು. ಹಾಗಾಗಿ ತುದಿ ಒಂದೇ ದಿನದಲ್ಲಿ ಒಣಗಿ ಕುಗ್ಗಲು ಹವಣಿಸುತ್ತದೆ, ಅದರ ಹಿಂದಿನ ಮರ ಇನ್ನೂ ನೀರು ಕುಡಿದು ಉಬ್ಬಿಯೇ ಇರುತ್ತದೆ. ಬೇಸಿಗೆಯ ಕೆರೆಯಂಗಳದ ಮಣ್ಣಿನ ಹಾಗೆ, ಮೇಲ್ಪದರ ಕುಗ್ಗಿ, ಕೆಳಗಿನದು ಕುಗ್ಗದೆ, ನಡುವೆ ಬಾಯಿ ಬಿಡುತ್ತದೆ. ಹೊಸದಾಗಿ ಕೊಯ್ದ ತುದಿಯನ್ನು ಹತ್ತಿರದಿಂದ ನೋಡಿದರೆ, ಮೊದಲು ನಡುವಿನಿಂದ ಹೊರಗೆ ಕೂದಲೆಳೆಯಂಥ ಗೆರೆಗಳು ಮೂಡುತ್ತವೆ. ಉಗುರು ಇಟ್ಟರೆ ಸಿಗುವುದಿಲ್ಲ. ಮರುದಿನ ಉಗುರು ಸಿಗುತ್ತದೆ. ಆಮೇಲೆ ಆ ಬಿರುಕು ಕೋಲಿನೊಳಗೆ ಎಷ್ಟು ದೂರ ಓಡಿದೆ ಎಂದು ತಿಳಿಯಲು ಕೊಯ್ದು ನೋಡುವುದೇ ದಾರಿ. ಮರ ಕಡಿದ ಗಂಟೆಯೊಳಗೆ ತುದಿಗಳಿಗೆ ದಪ್ಪಗೆ ಫೆವಿಕಾಲ್, ಮೇಣ, ಹಳೆ ಬಣ್ಣ ಯಾವುದಾದರೂ ಒಂದನ್ನು ಬಳಿಯಬೇಕು. ಒಂದು ಸಲ ಸಾಲದು, ಮೊದಲ ಸಲದ್ದನ್ನು ಮರ ಹೀರಿಕೊಳ್ಳುತ್ತದೆ. ಬೇಗ ಒಣಗಬೇಕೆನ್ನುವವರು ಮಾಡಬೇಕಾದ ಮೊದಲ ಕೆಲಸ ಒಣಗುವುದನ್ನು ತಡೆಯುವುದು! ಇದು ಎಷ್ಟು ವಿಚಿತ್ರವಾಗಿ ಕೇಳಿದರೂ ಇದನ್ನು ಬಿಟ್ಟವರ ಕೋಲು ಉಳಿಯುವುದಿಲ್ಲ.

ಇದೇ ಮಾತು ಬೆನ್ನಿಗೂ ಸಲ್ಲುತ್ತದೆ. ಬಿಲ್ಲನ್ನು ಎಳೆದಾಗ ಗುರಿಯ ಕಡೆಗಿರುವ ಮೈ ಬೆನ್ನು, ನಮ್ಮ ಕಡೆಗಿರುವುದು ಹೊಟ್ಟೆ. ಬೆನ್ನು ಹಿಗ್ಗುತ್ತದೆ, ಹೊಟ್ಟೆ ಅದುಮಿಕೊಳ್ಳುತ್ತದೆ. ತೊಗಟೆಯಡಿಯ ಮೈಯೇ ಬೆನ್ನಾಗುವುದರಿಂದ ಅಲ್ಲಿ ಒಂದು ಬಿರುಕು ಬಿದ್ದರೂ ಚಿಂತೆ. ಓಸೇಜ್ ಆರೆಂಜ್ ಟೆಕ್ಸಾಸ್, ಓಕ್ಲಹೋಮ ಕಡೆಯ ಮುಳ್ಳುಮರ. ಮುಳ್ಳುತಂತಿ ಬರುವ ಮುಂಚೆ ಅಲ್ಲಿನ ರೈತರು ಬೇಲಿಗೆ ನೆಡುತ್ತಿದ್ದದ್ದು ಇದನ್ನೇ. ಇದರ ಬಿಳಿ ಮರವನ್ನು ತೆಗೆದು, ಹಳದಿ ಚೇಗಿನ ಒಂದೇ ಒಂದು ಉಂಗುರವನ್ನು ಉದ್ದಕ್ಕೂ ಹಿಡಿದು ಕೆತ್ತಿ ಬೆನ್ನು ಮಾಡುತ್ತಾರೆ. ಕೆತ್ತಿದ ಸಂಜೆಯೇ ಅರಗಿನ ಪಾಲಿಶ್ ಬಳಿಯದಿದ್ದರೆ ಬೆಳಗಾಗುವಷ್ಟರಲ್ಲಿ ಬೆನ್ನಿನ ತುಂಬ ಸೀಳು. ಹಿಕರಿ, ಎಲ್ಮ್‌ನಂಥ ಬಿಳಿ ಮರಗಳು ಇಷ್ಟು ಮುಂಗೋಪಿಗಳಲ್ಲ. ವಸಂತದಲ್ಲಿ, ಮರ ಚಿಗುರುವಾಗ ಕಡಿದರೆ ತೊಗಟೆ ಬಾಳೆ ಪಟ್ಟೆಯಷ್ಟು ಸಲೀಸಾಗಿ ಸುಲಿದು ಬರುತ್ತದೆ, ಕೆಳಗಿನ ನುಣುಪು ಮೈ ಹಾಗೇ ಬೆನ್ನು. ಬಾಚಿ ಮುಟ್ಟಿಸುವ ಕೆಲಸವೂ ಇಲ್ಲ. ಹೊಸಬರಿಗೆ ಓಸೇಜ್ ಬೇಡ, ಈ ಬಿಳಿ ಮರಗಳೇ ಇರಲಿ ಎನ್ನುವವರ ಪಕ್ಷ ನನ್ನದು.

ಇನ್ನು ವೇಗದ ಮಾತು. ವೇಗ ಅಂದಕೂಡಲೇ ಎಲ್ಲರಿಗೂ ಬೆಂಕಿ, ಬಿಸಿಲು ನೆನಪಾಗುತ್ತದೆ. ಆದರೆ ಎಲ್ಲಕ್ಕಿಂತ ದೊಡ್ಡ ವೇಗ ಇರುವುದು ಬಾಚಿಯಲ್ಲಿ. ನೀರು ಮರದ ನಡುವಿನಿಂದ ಮೇಲ್ಮೈಗೆ ನುಸುಳಿ ಬರಬೇಕು, ದಪ್ಪ ಇಮ್ಮಡಿಯಾದರೆ ಅದಕ್ಕೆ ಹಿಡಿಯುವ ಕಾಲ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ. ತಿರುಗಿಸಿ ಹೇಳಿದರೆ, ದಪ್ಪವನ್ನು ಅರ್ಧ ಮಾಡಿದರೆ ಕಾಲ ಕಾಲುಭಾಗಕ್ಕೆ ಇಳಿಯಿತು. ಮೂರು ಅಂಗುಲದ ಕೋಲನ್ನು ಮೂಲೆಯಲ್ಲಿ ನಿಲ್ಲಿಸಿ ವರ್ಷ ಎಣಿಸುವ ಬದಲು, ಹಸಿಯಾಗಿರುವಾಗಲೇ ಅದನ್ನು ಬಿಲ್ಲಿನ ಆಕಾರಕ್ಕೆ ತಂದುಬಿಡಬೇಕು. ಕೊನೆಯ ಅಳತೆಗಿಂತ ತುಸು ದಪ್ಪ, ತುಸು ಅಗಲ ಉಳಿಸಿ, ಸುಮಾರು ಮುಕ್ಕಾಲು ಅಂಗುಲ ದಪ್ಪಕ್ಕೆ ತೋಳುಗಳನ್ನು ಇಳಿಸಿದರೆ ಸಾಕು. ಹಸಿ ಮರ ಕೆತ್ತುವುದಕ್ಕೂ ಸುಲಭ, ಉಳಿ ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತದೆ. ತೆಳ್ಳಗಿನ ತೋಳಿನಲ್ಲಿ ಒಳಗೂ ಹೊರಗೂ ತೇವದ ಅಂತರ ಕಡಿಮೆ, ಬಿರುಕಿನ ಭಯವೂ ಕಡಿಮೆ. ಹಿಡಿಯ ಜಾಗ ಮಾತ್ರ ದಪ್ಪವಾಗಿಯೇ ಉಳಿಯುತ್ತದೆ, ಬಿರುಕು ಕಾಣಿಸಿಕೊಂಡರೆ ಮೊದಲು ಅಲ್ಲೇ. ಅದರ ಪಕ್ಕಗಳಿಗೂ ಅಂಟು ಬಳಿದಿಡುವುದು ಒಳ್ಳೆಯದು.

ತೆಳ್ಳಗಾದ ಮರಕ್ಕೆ ತಿರುಚುವ ಚಾಳಿ ಜಾಸ್ತಿ. ಅದಕ್ಕೇ ಇಷಿ ಇನ್ನೊಂದು ಮರಕ್ಕೆ ಬಿಗಿದು ಕಟ್ಟುತ್ತಿದ್ದದ್ದು. ಈಗಿನವರು ಗಟ್ಟಿಯಾದ ಹಲಗೆಗೆ ನಾಲ್ಕೈದು ಕಡೆ ಕ್ಲ್ಯಾಂಪ್ ಹಾಕುತ್ತಾರೆ, ಹೊಟ್ಟೆಯ ಕಡೆ ಗಾಳಿಯಾಡಲು ಅಲ್ಲಲ್ಲಿ ಚಕ್ಕೆ ಕೊಡುತ್ತಾರೆ. ಹಲಗೆಗೇ ಸ್ವಲ್ಪ ಹಿಂಬಾಗು ಕೊಟ್ಟಿದ್ದರೆ ಒಣಗುತ್ತಲೇ ಮರ ಆ ಬಾಗನ್ನು ಹಿಡಿದುಕೊಳ್ಳುತ್ತದೆ. ಒಂದೇ ಕೆಲಸದಲ್ಲಿ ಎರಡು ಲಾಭ.

ಮೊದಲ ಎರಡು ವಾರ ಬಿಸಿಲಿಲ್ಲ, ಫ್ಯಾನಿಲ್ಲ. ಮನೆಯ ತಂಪಾದ ಕೋಣೆ, ಮಂಚದ ಕೆಳಗಾದರೂ ಆದೀತು. ಈ ಹಂತದಲ್ಲಿ ತೂಕದ ಯಂತ್ರ ಬೇಕು, ಅಡುಗೆಮನೆಯದ್ದೇ ಸಾಕು. ಉದಾಹರಣೆಗೆ, ಪೂರ್ತಿ ಒಣಗಿದರೆ 800 ಗ್ರಾಂ ತೂಗುವ ಕೋಲು ಶೇ 60 ತೇವದಲ್ಲಿ 1,280 ಗ್ರಾಂ ಇರುತ್ತದೆ. ಅದು ಶೇ 10ಕ್ಕೆ ಬರುವಾಗ 880 ಗ್ರಾಂ. 400 ಗ್ರಾಂ, ಅಂದರೆ ಹತ್ತಿರ ಹತ್ತಿರ ಅರ್ಧ ಲೀಟರ್ ನೀರು, ಕಣ್ಣಿಗೆ ಕಾಣದಂತೆ ಆ ಕೋಣೆಯ ಗಾಳಿಗೆ ಸೇರಿತು. ಬಿಲ್ಲು ಮಾಡುವವರು ತಾರೀಕು, ತೂಕ ಎರಡನ್ನೂ ಕೋಲಿನ ಮೈಮೇಲೇ ಸೀಸದಕಡ್ಡಿಯಲ್ಲಿ ಬರೆಯುತ್ತಾರೆ. ಮೇಲಿನಿಂದ ಕೆಳಗೆ ಸಾಲಾಗಿ ಇಳಿಯುವ ಅಂಕಿಗಳಲ್ಲಿ ಮೊದಲು ದಿನಕ್ಕೆ ಮೂವತ್ತು ನಲವತ್ತು ಗ್ರಾಂ ಇಳಿತ, ಆಮೇಲೆ ಹತ್ತು, ಆಮೇಲೆ ಎರಡು. ಇಳಿತ ನಿಧಾನವಾದರೆ ಟೊಳ್ಳಿನ ನೀರು ಮುಗಿದಿದೆ ಎಂದು ಲೆಕ್ಕ. ಇಳಿತ ನಿಂತರೆ ಮರ ಆ ಕೋಣೆಯ ಗಾಳಿಯೊಂದಿಗೆ ರಾಜಿಯಾಗಿದೆ. ನಿಖರವಾಗಿ ಬೇಕೆನ್ನುವವರು ಅದೇ ಮರದ ಒಂದು ಚೂರನ್ನು ತೂಗಿ, 103 ಡಿಗ್ರಿ ಸೆಲ್ಸಿಯಸ್ ಓವನ್ನಿನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಇಟ್ಟು, ವ್ಯತ್ಯಾಸವನ್ನು ಒಣ ತೂಕದಿಂದ ಭಾಗಿಸುತ್ತಾರೆ. ಪ್ರಯೋಗಾಲಯಗಳಲ್ಲಿ ನಡೆಯುವುದೂ ಇದೇ ಲೆಕ್ಕ.

ಬಿಸಿಪೆಟ್ಟಿಗೆಯ ಸರದಿ ಬರುವುದು ಇದಾದ ಮೇಲೆ. ಪ್ಲೈವುಡ್ಡಿನಲ್ಲೋ ಬೆಳ್ಳಿ ಹಾಳೆಯ ಥರ್ಮಕೋಲ್ ಹಲಗೆಯಲ್ಲೋ ಮಾಡಿದ ಆರೇಳಡಿ ಉದ್ದದ ಪೆಟ್ಟಿಗೆ, ಕೆಳಗೆ ಎರಡು ಬಲ್ಬು, ಮೇಲೆ ಕೋಲು ಮಲಗಿಸಲು ಸರಳು, ಒದ್ದೆ ಗಾಳಿ ಹೋಗಲು ತೂತು, ಒಂದು ಥರ್ಮೋಸ್ಟಾಟ್. ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆಯೇ ಹೊರತು ಸಾಕಷ್ಟು ಕಾವು ಕೊಡುವುದಿಲ್ಲ. ಹಳೆಯ ತಂತಿ ಬಲ್ಬೇ ಬೇಕು, ಅದೀಗ ಅಂಗಡಿಯಲ್ಲಿ ಅಪರೂಪ. ಕೋಳಿ ಫಾರಂಗೆ ಸಾಮಾನು ಮಾರುವವರ ಹತ್ತಿರ, ಮರಿಗಳಿಗೆ ಕಾವು ಕೊಡುವ ಬಲ್ಬು ಸಿಕ್ಕೀತು. ಬಲ್ಬು ಮರಕ್ಕಾಗಲಿ ಥರ್ಮಕೋಲಿಗಾಗಲಿ ತಾಗದಂತೆ, ಮನೆಯಲ್ಲಿ ಯಾರೂ ಇಲ್ಲದಾಗ ಹಚ್ಚದಂತೆ ನೋಡಿಕೊಳ್ಳಬೇಕು. ಹವ್ಯಾಸಕ್ಕೆ ಮನೆ ಸುಟ್ಟುಕೊಳ್ಳುವುದು ಬೇಡ. ಪೆಟ್ಟಿಗೆಯ ರಗಳೆ ಬೇಡವೆಂದವರು ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಕೋಲಿಟ್ಟು ಗಾಜನ್ನು ಬೆರಳಷ್ಟು ಇಳಿಸುತ್ತಾರೆ. ಮೈಕ್ರೋವೇವ್ ಮಾತ್ರ ಖಂಡಿತ ಬೇಡ. ಒಳಗಿನ ನೀರು ಆವಿಯಾಗಿ ಮರ ಒಳಗೊಳಗೇ ಸಿಡಿಯುತ್ತದೆ, ಕೆಲವು ಜಾಗ ಕರಕಲಾಗುತ್ತದೆ.

ಬಿಸಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಅರಿಯದವರು ಇಲ್ಲಿ ಎಡವುತ್ತಾರೆ. ಗಾಳಿ ಬಿಸಿಯಾದಷ್ಟೂ ಅದರ ನೀರು ಹಿಡಿಯುವ ಶಕ್ತಿ ಏರುತ್ತದೆ, ಪ್ರತಿ ಹತ್ತು ಹನ್ನೊಂದು ಡಿಗ್ರಿಗೆ ಹತ್ತಿರ ಹತ್ತಿರ ಇಮ್ಮಡಿ. ಒಳಗಿರುವ ನೀರು ಅಷ್ಟೇ, ಹಿಡಿಯುವ ಶಕ್ತಿ ಹೆಚ್ಚಾಯಿತು, ಹಾಗಾಗಿ ಆರ್ದ್ರತೆಯ ಅಂಕಿ ಇಳಿಯಿತು. ಮರ ಕೊನೆಗೆ ಎಷ್ಟು ಒಣಗುತ್ತದೆಂದು ತೀರ್ಮಾನಿಸುವುದು ಮುಖ್ಯವಾಗಿ ಆ ಅಂಕಿ. ಅಮೆರಿಕದ ಮ್ಯಾಡಿಸನ್ ನಗರದಲ್ಲಿ 1910ರಿಂದ ನಡೆಯುತ್ತಿರುವ ಅರಣ್ಯೋತ್ಪನ್ನ ಪ್ರಯೋಗಾಲಯದ ಕೋಷ್ಟಕಗಳ ಪ್ರಕಾರ, ಸಾಧಾರಣ ಕೋಣೆಯ ಉಷ್ಣತೆಯಲ್ಲಿ ಗಾಳಿಯ ಆರ್ದ್ರತೆ ಶೇ 50 ಇದ್ದರೆ ಮರ ಶೇ 9ರ ಸುಮಾರಿಗೆ ನಿಲ್ಲುತ್ತದೆ, 65 ಇದ್ದರೆ 12ಕ್ಕೆ, 80 ಇದ್ದರೆ 16ಕ್ಕೆ, 90 ಇದ್ದರೆ 20ರ ಆಸುಪಾಸಿಗೆ. ಬಿಲ್ಲಿಗೆ ಬೇಕಾದದ್ದು 8ರಿಂದ 10, ಹಿಕರಿಗೆ ಇನ್ನೊಂದು ಮೆಟ್ಟಿಲು ಕೆಳಗೆ.

ನಮ್ಮ ನಾಡಿನಲ್ಲಿ ಯಾರಾದರೂ ಈ ಕೆಲಸಕ್ಕೆ ಕೈಹಾಕಿದರೆ ಪುಸ್ತಕಗಳು ಬಿಸಿಪೆಟ್ಟಿಗೆಗೆ ಹೇಳುವ 40 ಡಿಗ್ರಿಯನ್ನು ಕಣ್ಣುಮುಚ್ಚಿ ಪಾಲಿಸುವಂತಿಲ್ಲ. ಜುಲೈ ತಿಂಗಳ ಮಂಗಳೂರಿನಲ್ಲಿ ಗಾಳಿ 26 ಡಿಗ್ರಿ, ಆರ್ದ್ರತೆ ಶೇ 88 ಎಂದಿಟ್ಟುಕೊಳ್ಳಿ. ಚಾವಡಿಯಲ್ಲಿಟ್ಟ ಕೋಲು ಎಷ್ಟು ಕಾದರೂ ಆ ಮಳೆಗಾಲದಲ್ಲಿ ಶೇ 18ಕ್ಕಿಂತ ಕೆಳಗಿಳಿಯದು. ಅದೇ ಗಾಳಿಯನ್ನು ಪೆಟ್ಟಿಗೆಯಲ್ಲಿ 40 ಡಿಗ್ರಿಗೆ ಏರಿಸಿದರೆ ಆರ್ದ್ರತೆ ಶೇ 40ಕ್ಕೆ ಬೀಳುತ್ತದೆ, ಮರ 7ರ ಸುಮಾರಿಗೆ ಬಂದು ನಿಲ್ಲುತ್ತದೆ. ಹಿಕರಿಗೆ ಹದ, ಬೇರೆಯವಕ್ಕೆ ಒಂದೆರಡು ಡಿಗ್ರಿ ಕಡಿಮೆ ಸಾಕು. ಬೆಂಗಳೂರಿನ 24 ಡಿಗ್ರಿ, ಶೇ 60ರ ಗಾಳಿಯನ್ನು ಅದೇ 40ಕ್ಕೆ ಏರಿಸಿದರೆ ಆರ್ದ್ರತೆ 24ಕ್ಕೆ ಕುಸಿದು, ಮರ 5ಕ್ಕೆ ಇಳಿದು, ಬಾಗುವ ಬದಲು ಪಟಾರನೆ ಮುರಿಯುವ ಸ್ಥಿತಿಗೆ ಬರುತ್ತದೆ. ಅಲ್ಲಿ 30 ಡಿಗ್ರಿಯೇ ಧಾರಾಳ. ಕಲಬುರಗಿಯ ಏಪ್ರಿಲ್‌ಗೆ ಪೆಟ್ಟಿಗೆಯೇ ಬೇಡ, ಬದಲಿಗೆ ಒದ್ದೆ ಗೋಣಿಯ ಪಕ್ಕದಲ್ಲಿಟ್ಟು ಕಾಪಾಡಬೇಕಾದೀತು. ಜನಕರಾಜ ಶಿವಧನುಸ್ಸನ್ನು ತಲೆಮಾರುಗಟ್ಟಲೆ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟಿದ್ದನಂತೆ. ಹೆದೆಯೇರಿಸಿ ಎಳೆದಾಗ ಅದು ಮುರಿದದ್ದರಲ್ಲಿ ರಾಮನ ತೋಳ್ಬಲದ ಜತೆಗೆ ಅತಿ ಒಣಗಿದ್ದರ ಪಾಲೂ ಇದ್ದಿರಬಹುದು ಎಂಬ ಅನುಮಾನ ನನಗಿದೆ. ಭಕ್ತರು ಕ್ಷಮಿಸಲಿ.

ಮಲೆನಾಡಿನ ಹಳೆಯ ಮನೆಗಳಲ್ಲಿ ಈ ಪೆಟ್ಟಿಗೆಯ ಕೆಲಸವನ್ನು ಒಲೆಯ ಮೇಲಿನ ಅಟ್ಟ ಮಾಡುತ್ತಿತ್ತು. ಹೊರಗೆ ಹಗಲಿರುಳು ಮಳೆ ಹೊಯ್ಯುತ್ತಿದ್ದರೂ ಅಲ್ಲಿ ಬೆಚ್ಚನೆಯ ಒಣ ಗಾಳಿ. ನೊಗಕ್ಕೆ, ನೇಗಿಲಿಗೆ, ಕತ್ತಿಯ ಹಿಡಿಗೆ ಎಂದು ತಂದ ಮರ ಅಲ್ಲಿ ಹೊಗೆ ಕುಡಿದು ಕಪ್ಪಾಗುತ್ತ ಹದವಾಗುತ್ತಿತ್ತು. ಹೊಗೆಯಿಂದ ಹುಳುವಿನ ಕಾಟವೂ ದೂರ. ಬಿದಿರಿಗಂತೂ ಹುಳುವೇ ದೊಡ್ಡ ಶತ್ರು, ಅದರ ಹಿಟ್ಟಿನಂಶಕ್ಕೆ ಕುಟ್ಟೆ ಬೀಳುತ್ತದೆ. ಕೃಷ್ಣಪಕ್ಷದಲ್ಲಿ ಕಡಿಯಬೇಕು ಎಂಬ ನಂಬಿಕೆ, ಹರಿಯುವ ನೀರಿನಲ್ಲಿ ನೆನೆಹಾಕುವ ರೂಢಿ ಎರಡೂ ಇದಕ್ಕಾಗಿಯೇ. ನೀರಿನಲ್ಲಿ ನೆನೆದಾಗ ಹಿಟ್ಟು ತೊಳೆದುಹೋಗುತ್ತದೆ, ಹಾಗಾಗಿ ಆ ರೂಢಿಗೆ ಕಾರಣ ಸ್ಪಷ್ಟವಾಗಿದೆ. ಚಂದ್ರನ ವಿಷಯವನ್ನು ಹಿರಿಯರಿಗೇ ಬಿಡುತ್ತೇನೆ.

ಇಷ್ಟೆಲ್ಲ ಯಾಕೆ, ಅರೆಹಸಿ ಮರದಲ್ಲೇ ಬಿಲ್ಲು ಮಾಡಿದರೆ ಏನಾಗುತ್ತದೆ? ಮುರಿಯುವುದಿಲ್ಲ. ಹಸಿ ಮರ ಬಾಗುವುದರಲ್ಲಿ ಉದಾರಿ, ಮೋಸ ಇರುವುದೂ ಅಲ್ಲೇ. ಮರ ಎಳೆತವನ್ನು ತಡೆದಷ್ಟು ಅದುಮನ್ನು ತಡೆಯದು. ಹಸಿಯಾಗಿದ್ದರಂತೂ ಅದುಮು ತಡೆಯುವ ಶಕ್ತಿ ಅರ್ಧಕ್ಕರ್ಧ ಕಡಿಮೆ. ಶ್ಯಾಗ್‌ಬಾರ್ಕ್ ಹಿಕರಿ ಹಸಿಯಿಂದ ಶೇ 12ಕ್ಕೆ ಒಣಗುವಾಗ ಆ ಶಕ್ತಿ ಎರಡು ಪಟ್ಟಾಗುತ್ತದೆ. ಅರೆಹಸಿ ಬಿಲ್ಲನ್ನು ಎಳೆದಾಗ ಹೊಟ್ಟೆಯ ಎಳೆಗಳು ಜಜ್ಜಿ ಹೋಗುತ್ತವೆ, ಹೆದೆ ಬಿಚ್ಚಿದ ಮೇಲೂ ಬಿಲ್ಲು ನೆಟ್ಟಗಾಗದೆ ನಮ್ಮ ಕಡೆ ಬಾಗಿಯೇ ಕೂರುತ್ತದೆ. ಆ ಬಾಗು ಮೂರ್ನಾಲ್ಕು ಅಂಗುಲವಾದರೆ ಬಾಣ ಸೋಮಾರಿಯಾಗುತ್ತದೆ. ಆಮೇಲೆ ಎಷ್ಟು ಒಣಗಿಸಿದರೂ ಜಜ್ಜಿದ ಎಳೆ ಮರಳುವುದಿಲ್ಲ.

ಪೆಟ್ಟಿಗೆಯಿಂದ ತೆಗೆದ ಕೋಲನ್ನು ನೇರವಾಗಿ ಬಾಗಿಸಬಾರದು. ನಾಲ್ಕೈದು ದಿನ ಕೋಣೆಯಲ್ಲಿಟ್ಟು, ತೂಕ ಒಂದೆಡೆ ನಿಂತಮೇಲೆ ಕೀಸುಳಿ ಹಿಡಿಯಬೇಕು. ಮೊದಲ ಸಲ ಉದ್ದನೆಯ ಹೆದೆ ಹಾಕಿ, ತೋಳು ಐದಾರು ಅಂಗುಲ ಮಾತ್ರ ಬಾಗುವಷ್ಟು ಎಳೆದು, ಬಿಟ್ಟು, ಹೆದೆ ಕಳಚಿ, ಬೆನ್ನಿನ ಮೇಲೆ ನೇರವಾದ ಪಟ್ಟಿಯಿಟ್ಟು ನೋಡುವುದು ವಾಡಿಕೆ. ಪಟ್ಟಿಗೂ ಮರಕ್ಕೂ ನಡುವಿನ ಸಂದು ಮುಂಚೆ ಇದ್ದಷ್ಟೇ ಇದ್ದರೆ ಕೆತ್ತನೆ ಮುಂದುವರಿಯುತ್ತದೆ. ಅಷ್ಟು ಸಣ್ಣ ಎಳೆತಕ್ಕೇ ಕಾಲಂಗುಲ ಬಾಗು ಉಳಿದಿದ್ದರೆ ಒಳಗಿನ್ನೂ ತೇವ ಇದೆ ಎಂದರ್ಥ. ಹೆದೆಯನ್ನು ಮೊಳೆಗೆ ನೇತುಹಾಕಿ, ಕೋಲನ್ನು ಮತ್ತೆ ಪೆಟ್ಟಿಗೆಗೆ ಸೇರಿಸಿ, ಅದರ ಮೈಮೇಲಿನ ಅಂಕಿಗಳ ಸಾಲಿಗೆ ಹೊಸ ತಾರೀಕು, ಹೊಸ ತೂಕ ಬರೆಯುತ್ತಾರೆ.